ಒಂದು ಸ್ಕ್ರೀನ್, 90 ಕೋಟಿ ಡಾಲರ್! ಸಾಫ್ಟ್‌ವೇರ್ ಕಂಪನಿಗಳಲ್ಲಿ ಇಂಟರಾಕ್ಷನ್ ಡಿಸೈನ್ ಕೆಲಸ ನಿಭಾಯಿಸುವುದು ಹೇಗೆ? ಇಲ್ಲಿದೆ ಸಂಪೂರ್ಣ ಮಾಹಿತಿ

2020ರ ಆಗಸ್ಟ್ 11. ಸೌಂದರ್ಯವರ್ಧಕ ಕಂಪನಿ ರೆವ್ಲಾನ್ ಪರವಾಗಿ, ಅದಕ್ಕೆ ಸಾಲ ಕೊಟ್ಟಿದ್ದ ಹೂಡಿಕೆ ಸಂಸ್ಥೆಗಳಿಗೆ ಅಮೆರಿಕದ ಸಿಟಿಬ್ಯಾಂಕ್ ಸುಮಾರು 78 ಲಕ್ಷ ಡಾಲರ್ ಬಡ್ಡಿ ಕಳಿಸಬೇಕಿತ್ತು. ಆದರೆ ಹೋಗಿದ್ದು ಸುಮಾರು 90 ಕೋಟಿ ಡಾಲರ್. ಬಡ್ಡಿಯ ಜತೆ ಅಸಲೂ ಬ್ಯಾಂಕಿನಿಂದ ಹೊರಗೆ ಹೋಗಿತ್ತು. ಅದರಲ್ಲಿ ಸುಮಾರು 50 ಕೋಟಿ ಡಾಲರನ್ನು ಪಡೆದವರು ವಾಪಸ್ ಕೊಡಲು ಒಪ್ಪಲಿಲ್ಲ. ಪ್ರಕರಣ ಕೋರ್ಟ್ ಮೆಟ್ಟಿಲೇರಿತು. 2021ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನ ಕೋರ್ಟ್ ಬ್ಯಾಂಕಿನ ವಿರುದ್ಧ ತೀರ್ಪು ಕೊಟ್ಟಿತು. 2022ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿದ ಮೇಲಷ್ಟೇ ಬ್ಯಾಂಕ್ ನಿಟ್ಟುಸಿರು ಬಿಟ್ಟಿತು.

ಆಗಿದ್ದಾದರೂ ಏನು? ಅಸಲನ್ನು ಬ್ಯಾಂಕಿನ ಒಳಖಾತೆಗೆ ಹಾಕಿ, ಬಡ್ಡಿಯನ್ನಷ್ಟೇ ಹೊರಗೆ ಕಳಿಸಬೇಕಿತ್ತು. ಅದಕ್ಕೆ ಫ್ಲೆಕ್ಸ್‌ಕ್ಯೂಬ್ ಎಂಬ ಸಾಫ್ಟ್‌ವೇರ್‌ನ ಸ್ಕ್ರೀನಿನಲ್ಲಿ 'ಪ್ರಿನ್ಸಿಪಲ್', 'ಫ್ರಂಟ್', 'ಫಂಡ್' ಎಂಬ ಮೂರು ಜಾಗಗಳನ್ನೂ ಭರ್ತಿ ಮಾಡಬೇಕು. ಸಿಬ್ಬಂದಿ 'ಪ್ರಿನ್ಸಿಪಲ್' ಒಂದನ್ನೇ ಭರ್ತಿ ಮಾಡಿದರು. ಮೂವರು ಪರಿಶೀಲಿಸಿ ಒಪ್ಪಿಗೆ ಕೊಡುವ ಪದ್ಧತಿ ಇತ್ತು. ಮೂವರಿಗೂ ಅದು ಸರಿಯಾಗಿಯೇ ಕಂಡಿತು. ಹಣ ಬ್ಯಾಂಕಿನಿಂದ ಹೊರಗೆ ಹೋಗುತ್ತದೆ ಎಂಬ ಎಚ್ಚರಿಕೆಯೂ ಸ್ಕ್ರೀನಿನಲ್ಲಿ ಬಂದಿತ್ತು. ಎಷ್ಟು ಹಣ ಹೋಗುತ್ತದೆ ಎಂಬುದು ಮಾತ್ರ ಅಲ್ಲಿ ಇರಲಿಲ್ಲ!

ಅಂದಹಾಗೆ, ಈ ಫ್ಲೆಕ್ಸ್‌ಕ್ಯೂಬ್ ನಮಗೆ ದೂರದ್ದೇನೂ ಅಲ್ಲ. ಸಿಟಿ ಸಮೂಹದ ಐಟಿ ವಿಭಾಗವಾಗಿ ಮುಂಬೈನಲ್ಲಿ ಹುಟ್ಟಿ, ಬೆಂಗಳೂರಿನಲ್ಲೂ ಬೆಳೆದ ಐ-ಫ್ಲೆಕ್ಸ್ ಕಂಪನಿಯ ಉತ್ಪನ್ನ ಇದು. ಈಗ ಒರಾಕಲ್ ಒಡೆತನದಲ್ಲಿದೆ.

ಈ ಪ್ರಕರಣದಲ್ಲಿ ಕೋಡ್ ಬರೆದಂತೆಯೇ ಓಡಿತು, ಸರ್ವರ್ ಕೈಕೊಡಲಿಲ್ಲ, ಹ್ಯಾಕರ್ ಕೂಡ ಬರಲಿಲ್ಲ. ಮನುಷ್ಯ ಮತ್ತು ಸ್ಕ್ರೀನ್ ನಡುವಿನ ಮಾತುಕತೆ ಕೆಟ್ಟಿತ್ತು, ಅಷ್ಟೇ. ಈ ಮಾತುಕತೆಯನ್ನು ರೂಪಿಸುವ ಕೆಲಸವೇ ಇಂಟರಾಕ್ಷನ್ ಡಿಸೈನ್. ಸಾಫ್ಟ್‌ವೇರ್ ಕಂಪನಿಯೊಳಗೆ ಈ ಕೆಲಸವನ್ನು ಯಾರು ಮಾಡುತ್ತಾರೆ, ಯಾವಾಗ ಮಾಡಬೇಕು, ಮ್ಯಾನೇಜರ್ ಹೇಗೆ ನಿಭಾಯಿಸಬೇಕು? ಒಂದೊಂದಾಗಿ ನೋಡೋಣ.

ಏನಿದು ಇಂಟರಾಕ್ಷನ್ ಡಿಸೈನ್?

ಬಳಕೆದಾರ ಏನು ಮಾಡಿದರೆ ಸಾಫ್ಟ್‌ವೇರ್ ಏನು ಮಾಡಬೇಕು, ಏನು ತೋರಿಸಬೇಕು, ತಪ್ಪಾದರೆ ಹೇಗೆ ಹಿಂದಕ್ಕೆ ಕರೆದುಕೊಂಡು ಬರಬೇಕು ಎಂಬುದನ್ನೆಲ್ಲ ಮೊದಲೇ ಯೋಚಿಸಿ ತೀರ್ಮಾನಿಸುವುದು ಇಂಟರಾಕ್ಷನ್ ಡಿಸೈನ್. ಬಣ್ಣ, ಅಕ್ಷರ, ಐಕಾನ್‌ಗಳನ್ನು ನೋಡಿಕೊಳ್ಳುವುದು ವಿಷುಯಲ್ ಡಿಸೈನ್. ಬಳಕೆದಾರರನ್ನು ಭೇಟಿಯಾಗಿ ಅವರ ಅಗತ್ಯ ತಿಳಿಯುವುದು ಯೂಸರ್ ರಿಸರ್ಚ್. ಇವೆಲ್ಲ ಸೇರಿದ ದೊಡ್ಡ ಛತ್ರಿಯೇ ಯುಎಕ್ಸ್, ಅಂದರೆ ಯೂಸರ್ ಎಕ್ಸ್‌ಪೀರಿಯನ್ಸ್. ಸಣ್ಣ ಕಂಪನಿಗಳಲ್ಲಿ ಇವೆಲ್ಲವನ್ನೂ ಒಬ್ಬರೇ ಮಾಡುವುದುಂಟು. ಈಗ ಹೆಚ್ಚಿನ ಕಡೆ ಅವರನ್ನು 'ಪ್ರಾಡಕ್ಟ್ ಡಿಸೈನರ್' ಎಂದು ಕರೆಯುತ್ತಾರೆ.

ನಮ್ಮ ದಿನನಿತ್ಯದ ಉದಾಹರಣೆ ಬೇಕೆಂದರೆ ಯುಪಿಐ ನೋಡಿ. ಹಣ ಕೇಳುವ 'ಕಲೆಕ್ಟ್ ರಿಕ್ವೆಸ್ಟ್' ಕಳಿಸಿ, "ನಿಮಗೆ ಹಣ ಬರುತ್ತದೆ, ಪಿನ್ ಹಾಕಿ" ಎಂದು ಫೋನಿನಲ್ಲಿ ನಂಬಿಸಿ ವಂಚಕರು ಅದೆಷ್ಟೋ ಜನರ ಖಾತೆ ಖಾಲಿ ಮಾಡಿದರು. ತಂತ್ರಜ್ಞಾನದಲ್ಲಿ ಲೋಪವಿರಲಿಲ್ಲ. ಪಿನ್ ಹಾಕಿದರೆ ಹಣ ಹೋಗುತ್ತದೋ ಬರುತ್ತದೋ ಎಂಬ ಗೊಂದಲವೇ ವಂಚಕರಿಗೆ ಬಂಡವಾಳವಾಯಿತು. ಕೊನೆಗೆ ವ್ಯಕ್ತಿಯಿಂದ ವ್ಯಕ್ತಿಗೆ ಕಲೆಕ್ಟ್ ರಿಕ್ವೆಸ್ಟ್ ಕಳಿಸುವ ಸೌಲಭ್ಯವನ್ನೇ 2025ರ ಅಕ್ಟೋಬರ್ 1ರಿಂದ ನಿಲ್ಲಿಸಲು ಎನ್‌ಪಿಸಿಐ ಸೂಚಿಸಿತು.

ಈ ವೃತ್ತಿ ಬೆಳೆದು ಬಂದ ಹಾದಿ

'ಇಂಟರಾಕ್ಷನ್ ಡಿಸೈನ್' ಎಂಬ ಹೆಸರು ಬಂದಿದ್ದು 1980ರ ದಶಕದ ಮಧ್ಯಭಾಗದಲ್ಲಿ. ಆರಂಭದ ಲ್ಯಾಪ್‌ಟಾಪ್‌ಗಳಲ್ಲಿ ಒಂದಾದ ಗ್ರಿಡ್ ಕಂಪಾಸ್‌ನ ವಿನ್ಯಾಸಕಾರ ಬಿಲ್ ಮಾಗ್ರಿಡ್ಜ್ ಮತ್ತು ಬಿಲ್ ವರ್‌ಪ್ಲಾಂಕ್ ಈ ಹೆಸರನ್ನು ಬಳಕೆಗೆ ತಂದರು. 1993ರಲ್ಲಿ ಆಪಲ್ ಸೇರಿದ ಡಾನ್ ನಾರ್ಮನ್ ತಮ್ಮ ಹುದ್ದೆಯ ಹೆಸರಿನಲ್ಲೇ 'ಯೂಸರ್ ಎಕ್ಸ್‌ಪೀರಿಯನ್ಸ್' ಎಂಬ ಪದ ಬಳಸಿದರು. ವಿಷುಯಲ್ ಬೇಸಿಕ್‌ನ ಜನಕ ಎಂದೇ ಹೆಸರಾದ ಅಲನ್ ಕೂಪರ್ 1990ರ ದಶಕದ ಕೊನೆಯಲ್ಲಿ 'ಪರ್ಸೋನಾ' ವಿಧಾನವನ್ನು ಜನಪ್ರಿಯಗೊಳಿಸಿದರು. "ಎಲ್ಲರಿಗೂ ಬೇಕಾದ್ದು" ಮಾಡಲು ಹೋಗದೆ, ಒಬ್ಬ ನಿರ್ದಿಷ್ಟ ಬಳಕೆದಾರನನ್ನು ಕಣ್ಣ ಮುಂದೆ ಇಟ್ಟುಕೊಂಡು ಕೆಲಸ ಮಾಡುವ ವಿಧಾನ ಅದು.

ಈ ಕೆಲಸಕ್ಕೆ ಅಂತಾರಾಷ್ಟ್ರೀಯ ಮಾನದಂಡವೂ ಇದೆ. 1999ರಲ್ಲಿ ಬಂದ ಐಎಸ್ಒ 13407, 2010ರಲ್ಲಿ ಐಎಸ್ಒ 9241-210 ಆಯಿತು. 2019ರಲ್ಲಿ ಅದನ್ನು ಪರಿಷ್ಕರಿಸಲಾಯಿತು. ಬಳಕೆಯ ಸಂದರ್ಭ ತಿಳಿ, ಅಗತ್ಯಗಳನ್ನು ಬರೆದಿಡು, ವಿನ್ಯಾಸ ಮಾಡು, ಬಳಕೆದಾರರ ಮುಂದಿಟ್ಟು ಪರೀಕ್ಷಿಸು, ಸರಿಹೋಗುವ ತನಕ ಮತ್ತೆ ಮಾಡು ಎಂಬುದು ಅದರ ಸಾರ.

ಕಂಪನಿಯಲ್ಲಿ ಡಿಸೈನರ್ ಎಲ್ಲಿ ಕೂರಬೇಕು?

ಮ್ಯಾನೇಜರ್ ಎದುರಿಸುವ ಮೊದಲ ಪ್ರಶ್ನೆ ಇದು. ಸಾಮಾನ್ಯವಾಗಿ ಮೂರು ಮಾದರಿಗಳಿವೆ.

ಕೇಂದ್ರ ತಂಡ: ಎಲ್ಲ ಡಿಸೈನರ್‌ಗಳೂ ಒಬ್ಬ ಮುಖ್ಯಸ್ಥರ ಕೈಕೆಳಗೆ. ಪ್ರಾಜೆಕ್ಟ್‌ಗಳು ಬಂದ ಹಾಗೆ ಕೆಲಸ ಹಂಚಲಾಗುತ್ತದೆ. ಗುಣಮಟ್ಟ ಒಂದೇ ರೀತಿ ಇರುತ್ತದೆ, ಕಿರಿಯರಿಗೆ ಕಲಿಸುವವರು ಸಿಗುತ್ತಾರೆ. ತೊಂದರೆ ಏನೆಂದರೆ, ಡಿಸೈನರ್‌ಗಳು 'ಸ್ಕ್ರೀನ್ ಮಾಡಿಕೊಡುವ ಅಂಗಡಿ'ಯಂತೆ ಆಗಿಬಿಡುತ್ತಾರೆ. ಉತ್ಪನ್ನದ ಒಳಸುಳಿ ಅವರಿಗೆ ಗೊತ್ತಾಗುವುದೇ ಇಲ್ಲ.

ತಂಡದೊಳಗಿನ ಡಿಸೈನರ್: ಪ್ರತಿ ಪ್ರಾಡಕ್ಟ್ ತಂಡಕ್ಕೂ ಒಬ್ಬ ಡಿಸೈನರ್. ಡೆವಲಪರ್‌ಗಳ ಪಕ್ಕದಲ್ಲೇ ಕೂತು ದಿನಾ ಕೆಲಸ. ತೀರ್ಮಾನಗಳು ಬೇಗ ಆಗುತ್ತವೆ. ಆದರೆ ಅವರಿಗೆ ತಮ್ಮ ವೃತ್ತಿಯವರ ಒಡನಾಟ ಇಲ್ಲ. ಪಕ್ಕದ ತಂಡ ಮಾಡಿದ ಬಟನ್ ಒಂದು ರೀತಿ, ಇವರದ್ದು ಇನ್ನೊಂದು ರೀತಿ.

ಮಿಶ್ರ ಮಾದರಿ: ದಿನದ ಕೆಲಸ ಪ್ರಾಡಕ್ಟ್ ತಂಡದ ಜತೆ. ನೇಮಕ, ಬಡ್ತಿ, ತರಬೇತಿ, ಡಿಸೈನ್ ವಿಮರ್ಶೆ ಮಾತ್ರ ಡಿಸೈನ್ ಮುಖ್ಯಸ್ಥರ ಕಡೆ. ಪೀಟರ್ ಮರ್ಹೋಲ್ಜ್ ಮತ್ತು ಕ್ರಿಸ್ಟಿನ್ ಸ್ಕಿನ್ನರ್ 2016ರ ತಮ್ಮ ಪುಸ್ತಕದಲ್ಲಿ ಇದಕ್ಕೆ ಹತ್ತಿರದ ಮಾದರಿಯೊಂದನ್ನು ಪ್ರತಿಪಾದಿಸಿದ್ದಾರೆ. ಡಿಸೈನರ್‌ಗಳ ಸಂಖ್ಯೆ ಬೆಳೆದ ಕಂಪನಿಗಳಿಗೆ ಹೆಚ್ಚಾಗಿ ಹೊಂದುವುದು ಇದೇ.

ತಂಡದ ರಚನೆ ಸ್ಕ್ರೀನಿನಲ್ಲೂ ಕಾಣುತ್ತದೆ ಎಂಬುದು ನೆನಪಿರಲಿ. ಸಂಸ್ಥೆಯೊಳಗಿನ ಸಂವಹನ ಹೇಗಿದೆಯೋ ಅದು ಕಟ್ಟುವ ವ್ಯವಸ್ಥೆಯೂ ಹಾಗೇ ಇರುತ್ತದೆ ಎಂದು ಮೆಲ್ವಿನ್ ಕಾನ್ವೇ 1968ರಲ್ಲೇ ಬರೆದಿದ್ದರು. ಬುಕಿಂಗ್ ಒಂದು ತಂಡ, ಪೇಮೆಂಟ್ ಇನ್ನೊಂದು, ರೀಫಂಡ್ ಮತ್ತೊಂದು ತಂಡ ಮಾಡಿ, ಮೂವರೂ ಮಾತಾಡದೇ ಇದ್ದರೆ ಗ್ರಾಹಕನಿಗೆ ಸಿಗುವುದು ಮೂರು ಬೇರೆ ಬೇರೆ ಆ್ಯಪ್ ಬಳಸಿದ ಅನುಭವ.

ಎಷ್ಟು ಡೆವಲಪರ್‌ಗೆ ಒಬ್ಬ ಡಿಸೈನರ್?

ಎಲ್ಲರೂ ಕೇಳುವ ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಹೆಚ್ಚಾಗಿ ಉಲ್ಲೇಖವಾಗುವುದು ಐಬಿಎಂ ಉದಾಹರಣೆ. 2012ರಲ್ಲಿ ಫಿಲ್ ಗಿಲ್ಬರ್ಟ್ ಅಲ್ಲಿ ಡಿಸೈನ್ ವಿಭಾಗ ಕಟ್ಟಲು ಆರಂಭಿಸಿದಾಗ 72 ಡೆವಲಪರ್‌ಗಳಿಗೆ ಒಬ್ಬ ಡಿಸೈನರ್ ಇದ್ದರು. ಮುಂದಿನ ಐದು ವರ್ಷಗಳಲ್ಲಿ ಅದು ಸುಮಾರು 8ಕ್ಕೆ ಒಬ್ಬರಂತಾಯಿತು ಎಂದು ವರದಿಯಾಗಿತ್ತು.

ಹಾಗೆಂದು ಈ ಸಂಖ್ಯೆಯನ್ನು ಕುರುಡಾಗಿ ಅನುಸರಿಸಬೇಕಿಲ್ಲ. ಬ್ಯಾಕೆಂಡ್ ಕೆಲಸವೇ ಹೆಚ್ಚಿರುವ ತಂಡಕ್ಕೆ ಅರ್ಧ ಡಿಸೈನರ್ ಸಾಕಾಗಬಹುದು. ಆಸ್ಪತ್ರೆ ಅಥವಾ ಬ್ಯಾಂಕ್ ಸಿಬ್ಬಂದಿ ದಿನವಿಡೀ ಬಳಸುವ ಸಾಫ್ಟ್‌ವೇರ್‌ಗೆ ಇಬ್ಬರೂ ಸಾಲದೆ ಹೋಗಬಹುದು. ಒಬ್ಬ ಡಿಸೈನರ್‌ನನ್ನು ಮೂರು ನಾಲ್ಕು ತಂಡಗಳಿಗೆ ಹಂಚಿದರೆ ಆತನ ದಿನವೆಲ್ಲ ಮೀಟಿಂಗ್‌ಗಳಲ್ಲೇ ಮುಗಿಯುತ್ತದೆ ಎಂಬುದಂತೂ ಖಚಿತ.

ಐಬಿಎಂ ಪದ್ಧತಿಯಲ್ಲಿ ಸಂಖ್ಯೆಗಿಂತ ಕಲಿಯಬೇಕಾದ್ದು ಬೇರೆ ಇದೆ. ಅವರಲ್ಲಿ ಪ್ರಾಜೆಕ್ಟ್‌ಗೆ 'ಹಿಲ್' ಎಂಬ ಗುರಿಗಳಿರುತ್ತವೆ. ಯಾರಿಗೆ, ಏನು ಸಾಧ್ಯವಾಗಬೇಕು, ಅದರಲ್ಲಿ ವಿಶೇಷವೇನು ಎಂದು ಹೇಳುವ ವಾಕ್ಯಗಳು ಇವು. ಒಂದು ಪ್ರಾಜೆಕ್ಟ್‌ಗೆ ಮೂರಕ್ಕಿಂತ ಹೆಚ್ಚು ಬೇಡ ಎನ್ನುತ್ತಾರೆ. ಆಗಾಗ ಎಲ್ಲರೂ ಸೇರಿ ಬಳಕೆದಾರನ ಕಥೆಯಾಗಿ ಕೆಲಸವನ್ನು ನೋಡುವ ಸಭೆಗೆ 'ಪ್ಲೇಬ್ಯಾಕ್' ಎಂದು ಹೆಸರು. ತಂಡದ ಜತೆ ಮೊದಲಿನಿಂದ ಕೊನೆಯವರೆಗೆ ಇರುವ ನಿಜವಾದ ಬಳಕೆದಾರರು 'ಸ್ಪಾನ್ಸರ್ ಯೂಸರ್'ಗಳು.

ಅಜೈಲ್ ಓಟದಲ್ಲಿ ಡಿಸೈನ್‌ಗೆ ಸಮಯವೆಲ್ಲಿ?

2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಮಂದಿ ಸೇರಿ ಅಜೈಲ್ ಪ್ರಣಾಳಿಕೆ ಬರೆದರು. ಎರಡು ವಾರದ ಸ್ಪ್ರಿಂಟ್, ದಿನಾ ಸ್ಟ್ಯಾಂಡಪ್, ಬ್ಯಾಕ್‌ಲಾಗ್ ಎಲ್ಲ ಈಗ ಐಟಿಯವರಿಗೆ ನೀರು ಕುಡಿದಷ್ಟು ಸಲೀಸು. ಆದರೆ ಆ ಪ್ರಣಾಳಿಕೆಯಲ್ಲಿ ಇಂಟರಾಕ್ಷನ್ ಡಿಸೈನರ್ ಯಾವಾಗ ಏನು ಮಾಡಬೇಕು ಎಂಬ ಮಾತೇ ಇಲ್ಲ. ಹೀಗಾಗಿ ಬಹಳಷ್ಟು ಕಡೆ ಸೋಮವಾರ ಸ್ಪ್ರಿಂಟ್ ಶುರು, ಸೋಮವಾರವೇ ಡಿಸೈನ್ ಶುರು, ಬುಧವಾರ ಡೆವಲಪರ್ "ಸ್ಕ್ರೀನ್ ಎಲ್ಲಿ?" ಎಂದು ಕೇಳುವ ಸ್ಥಿತಿ.

ಇದಕ್ಕೆ ಚಾಲ್ತಿಯಲ್ಲಿರುವ ಪರಿಹಾರ ಬಂದಿದ್ದು ಕೆನಡಾದ ಟೊರಾಂಟೊದಿಂದ. ಏಲಿಯಸ್ ಕಂಪನಿಯಲ್ಲಿ (ನಂತರ ಅದನ್ನು ಆಟೋಡೆಸ್ಕ್ ಖರೀದಿಸಿತು) ಕೆಲಸ ಮಾಡುತ್ತಿದ್ದ ಲಿನ್ ಮಿಲ್ಲರ್ ಮತ್ತು ಡೆಸಿರೆ ಸೈ ತಮ್ಮ ಅನುಭವವನ್ನು 2005 ಮತ್ತು 2007ರ ಪ್ರಬಂಧಗಳಲ್ಲಿ ದಾಖಲಿಸಿದರು. ಅದರ ಪ್ರಕಾರ ಡಿಸೈನ್ ಮತ್ತು ಡೆವಲಪ್‌ಮೆಂಟ್ ಎರಡು ಸಮಾನಾಂತರ ಹಳಿಗಳು. ಡೆವಲಪರ್‌ಗಳು 3ನೇ ಸ್ಪ್ರಿಂಟ್‌ನ ಕೋಡ್ ಬರೆಯುತ್ತಿರುವಾಗ ಡಿಸೈನರ್‌ಗಳು ಮೂರು ಕೆಲಸ ಮಾಡುತ್ತಾರೆ:

* 2ನೇ ಸ್ಪ್ರಿಂಟ್‌ನಲ್ಲಿ ತಯಾರಾದ ಕೋಡನ್ನು ಬಳಕೆದಾರರ ಜತೆ ಪರೀಕ್ಷಿಸುವುದು
* 4ನೇ ಸ್ಪ್ರಿಂಟ್‌ಗೆ ಬೇಕಾದ ವಿನ್ಯಾಸವನ್ನು ಅಂತಿಮಗೊಳಿಸುವುದು
* 5ನೇ ಸ್ಪ್ರಿಂಟ್‌ಗೆ ಬೇಕಾದ ಮಾಹಿತಿಯನ್ನು ಗ್ರಾಹಕರಿಂದ ಕಲೆಹಾಕುವುದು

ಈ ಪದ್ಧತಿಯಲ್ಲೂ ಒಂದು ಅಪಾಯವಿದೆ. ಡಿಸೈನರ್ ಮುಂದೆ, ಡೆವಲಪರ್ ಹಿಂದೆ ಎಂದಾದರೆ ಇಬ್ಬರ ನಡುವೆ ಮತ್ತೆ ಗೋಡೆ ಏಳುತ್ತದೆ. ಆದ್ದರಿಂದ 4ನೇ ಸ್ಪ್ರಿಂಟ್‌ನ ಸ್ಕೆಚ್ ಕಾಗದದ ಮೇಲಿರುವಾಗಲೇ ಒಬ್ಬ ಡೆವಲಪರ್ ಅದನ್ನು ನೋಡಬೇಕು. "ಇದಕ್ಕೆ ಬೇಕಾದ ಡೇಟಾ ಸರ್ವರ್‌ನಿಂದ ಬರುವುದೇ ಇಲ್ಲ" ಎಂಬ ಮಾತು ಆಗ ಬಂದರೆ ಖರ್ಚು ಅರ್ಧ ಗಂಟೆ. ಕೋಡ್ ಬರೆಯುವಾಗ ಬಂದರೆ ಒಂದು ವಾರ.

ಹೊಸ ಉತ್ಪನ್ನದ ಆರಂಭದಲ್ಲಿ ದಿಕ್ಕೇ ಗೊತ್ತಿಲ್ಲದಿದ್ದರೆ ಇನ್ನೊಂದು ದಾರಿಯಿದೆ. ಗೂಗಲ್ ವೆಂಚರ್ಸ್‌ನಲ್ಲಿದ್ದ ಜೇಕ್ ನ್ಯಾಪ್ ರೂಪಿಸಿದ 'ಡಿಸೈನ್ ಸ್ಪ್ರಿಂಟ್' ಐದು ದಿನದ್ದು. ಸೋಮವಾರ ಸಮಸ್ಯೆ ಅರಿತು, ಮಂಗಳವಾರ ಸ್ಕೆಚ್ ಹಾಕಿ, ಬುಧವಾರ ಆಯ್ದು, ಗುರುವಾರ ಪ್ರೋಟೋಟೈಪ್ ಮಾಡಿ, ಶುಕ್ರವಾರ ಐದು ಜನರ ಜತೆ ಪರೀಕ್ಷಿಸುವುದು. ಪ್ರತಿ ತಿಂಗಳು ಇದನ್ನೇ ಮಾಡಲು ಹೋಗಬೇಡಿ. ದೊಡ್ಡ ಹಣ ಹಾಕುವ ಮುನ್ನ ಒಮ್ಮೆ ಮಾಡಿದರೆ ಲಾಭ.

ಕೆಲಸ ಒಪ್ಪಿಕೊಳ್ಳುವ ಮುನ್ನ ಈ ನಾಲ್ಕು ಪ್ರಶ್ನೆ ಕೇಳಿ

ಒಂದು ಬಸ್ ಟಿಕೆಟ್ ಆ್ಯಪ್ ಇದೆ ಎಂದುಕೊಳ್ಳಿ. "ಟಿಕೆಟ್ ರದ್ದು ಮಾಡುವ ಸ್ಕ್ರೀನ್ ಬೇಕು, ಶುಕ್ರವಾರದೊಳಗೆ" ಎಂಬ ಟಿಕೆಟ್ ಡಿಸೈನ್ ತಂಡಕ್ಕೆ ಬರುತ್ತದೆ. ಸರಿಯಾದ ಮ್ಯಾನೇಜರ್ ಫಿಗ್ಮಾ ತೆರೆಯುವ ಮೊದಲು ಕೇಳುವುದು ಇಷ್ಟು:

1. ಇದು ಯಾರಿಗಾಗಿ? ದಿನಾ ಬುಕ್ ಮಾಡುವ ಏಜೆಂಟ್‌ಗೋ, ಪುಣೆಯಿಂದ ಹಬ್ಬಕ್ಕೆ ಹುಬ್ಬಳ್ಳಿಗೆ ಹೊರಟ ಕುಟುಂಬಕ್ಕೋ?
2. ಈಗ ಏನು ತೊಂದರೆಯಾಗುತ್ತಿದೆ? ಕಾಲ್ ಸೆಂಟರ್‌ಗೆ ಬರುವ ದೂರುಗಳು ಏನು ಹೇಳುತ್ತವೆ?
3. ಕೆಲಸ ಯಶಸ್ವಿಯಾಯಿತು ಎಂದು ಹೇಗೆ ಗೊತ್ತಾಗುತ್ತದೆ? ದೂರು ಕಡಿಮೆಯಾಗಬೇಕೋ, ಸಮಯ ಉಳಿಯಬೇಕೋ?
4. ಬದಲಿಸಲಾಗದ ನಿಯಮಗಳೇನು? ರೀಫಂಡ್ ಕಡಿತ, ಬಸ್ ಹೊರಡುವ ಎಷ್ಟು ಹೊತ್ತಿನ ಮೊದಲು ರದ್ದು ಮಾಡಬಹುದು ಇತ್ಯಾದಿ.

ಉತ್ತರ ಸಿಕ್ಕ ಮೇಲೆ ಅಂದಾಜು ಕೊಡಿ. ಅಂದಾಜಿನಲ್ಲಿ ಚಿತ್ರ ಬಿಡಿಸುವ ಸಮಯವನ್ನಷ್ಟೇ ಲೆಕ್ಕ ಹಾಕಬಾರದು. ಮಾಹಿತಿ ಸಂಗ್ರಹ, ಒಂದು ಸುತ್ತು ಪರೀಕ್ಷೆ, ತಿದ್ದುಪಡಿ, ಕೋಡ್ ಆಗುವಾಗ ಡೆವಲಪರ್ ಕೇಳುವ ಪ್ರಶ್ನೆಗಳಿಗೆ ಉತ್ತರಿಸುವ ಸಮಯ ಎಲ್ಲವೂ ಅದರಲ್ಲಿರಬೇಕು. ಬಹುತೇಕ ಡಿಸೈನ್ ತಂಡಗಳ ಅಂದಾಜು ತಲೆಕೆಳಗಾಗುವುದು ಈ ಕೊನೆಯದನ್ನು ಬಿಟ್ಟುಬಿಡುವುದರಿಂದ.

ಹ್ಯಾಂಡಾಫ್: ಅಸಲಿ ಸಮಸ್ಯೆ ಇರುವುದು ಇಲ್ಲೇ

ಎಲ್ಲವೂ ಸರಿಯಿದ್ದಾಗ ಕಾಣುವ ಒಂದು ಚೆಂದದ ಸ್ಕ್ರೀನನ್ನು ಡೆವಲಪರ್ ಕೈಗೆ ಕೊಟ್ಟರೆ ಡಿಸೈನ್ ಮುಗಿದಂತಲ್ಲ. ಅದೇ ಟಿಕೆಟ್ ರದ್ದು ಸ್ಕ್ರೀನನ್ನು ನೋಡಿ. ಮೂವರು ಪ್ರಯಾಣಿಕರಲ್ಲಿ ಒಬ್ಬರದ್ದನ್ನಷ್ಟೇ ರದ್ದು ಮಾಡಬೇಕಿದ್ದರೆ? 'ರದ್ದು ಮಾಡಿ' ಒತ್ತಿದ ಕೂಡಲೇ ಘಾಟಿಯಲ್ಲಿ ನೆಟ್‌ವರ್ಕ್ ಹೋದರೆ? ಗಾಬರಿಯಲ್ಲಿ ಎರಡು ಸಲ ಒತ್ತಿದರೆ? ಬಸ್ ಈಗಾಗಲೇ ಹೊರಟಿದ್ದರೆ? ಕೈಗೆ ಎಷ್ಟು ಹಣ ವಾಪಸ್ ಬರುತ್ತದೆ ಎಂಬುದು ಒತ್ತುವ ಮೊದಲೇ ಕಾಣುತ್ತದೆಯೇ?

ಈ ಪ್ರಶ್ನೆಗಳಿಗೆ ಡಿಸೈನರ್ ಉತ್ತರಿಸದಿದ್ದರೆ ರಾತ್ರಿ ಹತ್ತು ಗಂಟೆಗೆ ಡೆವಲಪರ್ ತಾನೇ ಉತ್ತರ ಕಂಡುಕೊಳ್ಳುತ್ತಾನೆ. ಆಗ ಬರುವುದೇ "ಸಮ್‌ಥಿಂಗ್ ವೆಂಟ್ ರಾಂಗ್" ಎಂಬ ಪ್ರಸಿದ್ಧ ಸಂದೇಶ! ಆದ್ದರಿಂದ ಪ್ರತಿ ಸ್ಕ್ರೀನ್‌ಗೂ ಕನಿಷ್ಠ ಈ ಸ್ಥಿತಿಗಳನ್ನು ಬರೆದುಕೊಡುವುದು ನಿಯಮವಾಗಲಿ: ಖಾಲಿ ಇದ್ದಾಗ, ಲೋಡ್ ಆಗುವಾಗ, ಅರ್ಧ ಮಾಹಿತಿ ಬಂದಾಗ, ತಪ್ಪಾದಾಗ, ಸಂಪರ್ಕ ಕಡಿದಾಗ, ಯಶಸ್ವಿಯಾದಾಗ, ಹಿಂದಕ್ಕೆ ಬರಬೇಕಾದಾಗ.

ಇನ್ನೊಂದು ಮುಖ್ಯ ಸಂಗತಿ 'ಡೆಫಿನಿಷನ್ ಆಫ್ ಡನ್'. ಅಂದರೆ ಕೆಲಸ ಮುಗಿದಿದೆ ಎಂದು ಹೇಳುವುದಕ್ಕೆ ತಂಡ ಒಪ್ಪಿಕೊಂಡ ಪಟ್ಟಿ. ಟೆಸ್ಟರ್ ಒಪ್ಪಿಗೆಯ ಜತೆಗೆ, ಓಡುತ್ತಿರುವ ಬಿಲ್ಡ್ ಅನ್ನು ಡಿಸೈನರ್ ಒಮ್ಮೆ ಬಳಸಿ ನೋಡಿರಬೇಕು ಎಂಬ ಒಂದು ಸಾಲು ಆ ಪಟ್ಟಿಗೆ ಸೇರಲಿ. ವಿನ್ಯಾಸಕ್ಕೂ ಬಿಲ್ಡ್‌ಗೂ ವ್ಯತ್ಯಾಸವಿದ್ದರೆ ಅದನ್ನು ಸಾಮಾನ್ಯ ಬಗ್‌ನಂತೆಯೇ ಟ್ರ್ಯಾಕರ್‌ನಲ್ಲಿ ದಾಖಲಿಸಬೇಕು. "ಆಮೇಲೆ ನೋಡೋಣ" ಎಂದು ಬಿಟ್ಟ ಇಂಥ ಸಣ್ಣ ಪುಟ್ಟ ಸಂಗತಿಗಳೇ ಬಡ್ಡಿ ಬೆಳೆದು 'ಡಿಸೈನ್ ಡೆಟ್' ಎಂಬ ಸಾಲವಾಗುತ್ತವೆ.

ಸಾಲ ತೀರಿಸದಿದ್ದರೆ ಏನಾಗಬಹುದು ಎಂಬುದಕ್ಕೆ ಸಿಟಿಯಲ್ಲೇ ನಡೆದ ಇನ್ನೊಂದು ಘಟನೆ ನೋಡಿ. 2024ರ ಏಪ್ರಿಲ್‌ನಲ್ಲಿ ಗ್ರಾಹಕರೊಬ್ಬರ ಖಾತೆಗೆ 280 ಡಾಲರ್ ಬದಲು 81 ಲಕ್ಷ ಕೋಟಿ ಡಾಲರ್ ಜಮೆಯಾಗಿತ್ತು ಎಂದು ಮರುವರ್ಷ ವರದಿಯಾಯಿತು. ಅಪರೂಪಕ್ಕೆ ಬಳಸುವ ಆ ಸ್ಕ್ರೀನಿನಲ್ಲಿ ಮೊತ್ತದ ಜಾಗದಲ್ಲಿ ಮೊದಲೇ 15 ಸೊನ್ನೆಗಳಿದ್ದವು. ಸಿಬ್ಬಂದಿ ಅವನ್ನು ಅಳಿಸಿ ಟೈಪ್ ಮಾಡಬೇಕಿತ್ತು. ಸುಮಾರು 90 ನಿಮಿಷದ ಬಳಿಕ ಮತ್ತೊಬ್ಬರ ಕಣ್ಣಿಗೆ ಬಿದ್ದು ಸರಿಪಡಿಸಲಾಯಿತು. ಹಣ ಹೊರಗೆ ಹೋಗಲಿಲ್ಲ.

ಐದು ಜನ ಸಾಕೇ?

ಬಳಕೆದಾರರ ಪರೀಕ್ಷೆ ಎಂದ ಕೂಡಲೇ "ಬಜೆಟ್ ಇಲ್ಲ" ಎನ್ನುವುದು ರೂಢಿ. ಆದರೆ ಯೂಸಬಿಲಿಟಿ ತಜ್ಞ ಜೇಕಬ್ ನೀಲ್ಸನ್ 2000ನೇ ಇಸವಿಯಲ್ಲಿ ಬರೆದ ಪ್ರಸಿದ್ಧ ಲೇಖನದ ಪ್ರಕಾರ, ಐದು ಜನರ ಜತೆ ಪರೀಕ್ಷೆ ಮಾಡಿದರೆ ಸುಮಾರು ಶೇ 85ರಷ್ಟು ಸಮಸ್ಯೆಗಳು ಕಾಣಸಿಗುತ್ತವೆ. 15 ಜನರ ಒಂದೇ ದೊಡ್ಡ ಪರೀಕ್ಷೆಗಿಂತ ಐದೈದು ಜನರ ಮೂರು ಸುತ್ತು ಮಾಡಿ, ನಡುವೆ ತಿದ್ದುತ್ತಾ ಹೋಗುವುದು ಲೇಸು ಎಂಬುದು ಅವರ ಸಲಹೆ.

ಆದರೆ ಇಲ್ಲೊಂದು ಷರತ್ತಿದೆ. ಐದು ಎಂಬುದು ಒಂದೇ ರೀತಿಯ ಬಳಕೆದಾರರಿಗೆ ಅನ್ವಯ. ಏಜೆಂಟ್ ಮತ್ತು ಪ್ರಯಾಣಿಕ ಇಬ್ಬರೂ ಬಳಸುವ ಆ್ಯಪ್ ಆದರೆ ಎರಡೂ ಗುಂಪುಗಳಿಂದ ಬೇರೆ ಬೇರೆ ಜನ ಬೇಕು. ಶೇಕಡಾವಾರು ಲೆಕ್ಕ ಹೇಳಬೇಕಿದ್ದರೆ ಐದು ಜನ ಏನೇನೂ ಸಾಲದು. ಪಕ್ಕದ ಡೆಸ್ಕಿನ ಸಹೋದ್ಯೋಗಿಯ ಮೇಲೆ ಪರೀಕ್ಷೆ ಮಾಡಿ ಮುಗಿಸುವುದಂತೂ ಬೇಡ. ಅವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ.

ಡಿಸೈನ್ ಸಿಸ್ಟಂ ಏಕೆ ಬೇಕು?

ಬಟನ್, ಫಾರ್ಮ್, ಎಚ್ಚರಿಕೆ ಸಂದೇಶಗಳನ್ನು ಪ್ರತಿ ಸಲ ಹೊಸದಾಗಿ ಮಾಡದೆ, ಒಮ್ಮೆ ಸರಿಯಾಗಿ ಮಾಡಿ ಎಲ್ಲ ತಂಡಗಳೂ ಬಳಸುವಂತೆ ಇಡುವುದೇ ಡಿಸೈನ್ ಸಿಸ್ಟಂ. ಗೂಗಲ್ 2014ರಲ್ಲಿ ಪ್ರಕಟಿಸಿದ ಮೆಟೀರಿಯಲ್ ಡಿಸೈನ್, ಸೇಲ್ಸ್‌ಫೋರ್ಸ್‌ನ ಲೈಟ್ನಿಂಗ್, ಐಬಿಎಂನ ಕಾರ್ಬನ್ ಇದಕ್ಕೆ ಹೆಸರಾದ ಉದಾಹರಣೆಗಳು. ಸಣ್ಣ ಕಂಪನಿಗಳು ಇವನ್ನೇ ತಮಗೆ ಬೇಕಾದಂತೆ ಬದಲಿಸಿಕೊಂಡರೆ ಸಾಕು.

ಡಿಸೈನ್ ಸಿಸ್ಟಂ ಮಾಡುವುದಕ್ಕಿಂತ ಅದನ್ನು ಉಳಿಸಿಕೊಳ್ಳುವುದು ಕಷ್ಟ. ಫಿಗ್ಮಾದಲ್ಲಿರುವ ಬಟನ್ ಮತ್ತು ಕೋಡ್‌ನಲ್ಲಿರುವ ಬಟನ್ ಒಂದೇ ಆಗಿರಬೇಕು. ಅದಕ್ಕೆ ಒಬ್ಬ ಡಿಸೈನರ್, ಒಬ್ಬ ಡೆವಲಪರ್ ಹೊಣೆ ಹೊತ್ತಿರಬೇಕು. ಬದಲಾವಣೆ ಕೇಳುವವರಿಗೆ ಒಂದು ದಾರಿ ಇರಬೇಕು. ಬಿಡುವಿದ್ದಾಗ ಮಾಡೋಣ ಎಂದರೆ ಆರು ತಿಂಗಳಲ್ಲಿ ಅದು ಹಾಳು ಬಿದ್ದ ಮನೆ.

ಅಳೆಯುವುದು ಹೇಗೆ?

ಎಷ್ಟು ಸ್ಕ್ರೀನ್ ಮಾಡಿದರು ಎಂದು ಎಣಿಸಿ ಡಿಸೈನರ್ ಕೆಲಸ ಅಳೆಯುವುದು, ಎಷ್ಟು ಸಾಲು ಕೋಡ್ ಬರೆದರು ಎಂದು ಡೆವಲಪರ್‌ನನ್ನು ಅಳೆದಂತೆ. ಅಳೆಯಬೇಕಾದ್ದು ಬಳಕೆದಾರನಿಗೆ ಏನಾಯಿತು ಎಂಬುದನ್ನು.

* ಎಸ್‌ಯುಎಸ್: ಜಾನ್ ಬ್ರೂಕ್ 1986ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯಲ್ಲಿದ್ದಾಗ ರೂಪಿಸಿದ 10 ಪ್ರಶ್ನೆಗಳ ಸಮೀಕ್ಷೆ. ಅಂಕ 0ರಿಂದ 100. ಸುಮಾರು 68 ಅಂಕವನ್ನು ಸರಾಸರಿ ಎಂದು ಪರಿಗಣಿಸುತ್ತಾರೆ. ಇದು ಶೇಕಡಾವಾರು ಅಲ್ಲ.
* ಹಾರ್ಟ್: ಗೂಗಲ್ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಚೌಕಟ್ಟು. ಸಂತೃಪ್ತಿ, ತೊಡಗಿಕೊಳ್ಳುವಿಕೆ, ಹೊಸದಾಗಿ ಬಳಸಲು ಶುರು ಮಾಡಿದವರು, ಉಳಿದುಕೊಂಡವರು, ಕೆಲಸದ ಯಶಸ್ಸು ಎಂಬ ಐದು ಅಂಶಗಳು.
* ಸರಳ ಲೆಕ್ಕ: ಎಷ್ಟು ಜನ ಕೆಲಸ ಮುಗಿಸಿದರು, ಎಷ್ಟು ಹೊತ್ತು ಹಿಡಿಯಿತು, ಎಷ್ಟು ಸಲ ತಪ್ಪಿದರು, ಎಷ್ಟು ಜನ ಕಾಲ್ ಸೆಂಟರ್‌ಗೆ ಫೋನ್ ಮಾಡಿದರು.

ಬದಲಾವಣೆ ಮಾಡುವ ಮುನ್ನವೇ ಈ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಬೇಕು. ಮೊದಲು ಎಷ್ಟಿತ್ತು ಎಂದು ಗೊತ್ತಿಲ್ಲದಿದ್ದರೆ ಸುಧಾರಣೆಯಾಗಿದೆ ಎಂದು ಸಾಬೀತು ಮಾಡುವುದು ಹೇಗೆ?

ಸರ್ವಿಸ್ ಕಂಪನಿಗಳ ಕಥೆಯೇ ಬೇರೆ

ಮೇಲೆ ಹೇಳಿದ್ದರಲ್ಲಿ ಹೆಚ್ಚಿನದು ಸ್ವಂತ ಉತ್ಪನ್ನ ಇರುವ ಕಂಪನಿಗಳಿಗೆ ಸುಲಭ. ಬೆಂಗಳೂರು, ಹೈದರಾಬಾದ್, ಪುಣೆ, ಚೆನ್ನೈನ ದೊಡ್ಡ ಸರ್ವಿಸ್ ಕಂಪನಿಗಳಲ್ಲಿ ಉತ್ಪನ್ನ ಕ್ಲೈಂಟ್‌ನದು, ಬಳಕೆದಾರರು ಸಮುದ್ರದಾಚೆ. ಬಿಲ್ ಆಗುವುದು ಗಂಟೆ ಲೆಕ್ಕದಲ್ಲಿ. ಬೇಕಾದ್ದರ ಪಟ್ಟಿ ಸಹಿಯಾಗಿ ಬಂದಿರುತ್ತದೆ. "ಇದು ಬಳಕೆದಾರನಿಗೆ ಬೇಕೇ?" ಎಂದು ಕೇಳುವುದಕ್ಕೆ ಕಾಂಟ್ರಾಕ್ಟ್‌ನಲ್ಲಿ ಜಾಗವೇ ಇರುವುದಿಲ್ಲ.

ಕಂಪನಿಗಳು ಇದನ್ನು ಗಮನಿಸದೆ ಇಲ್ಲ. ವಿಪ್ರೊ 2015ರಲ್ಲಿ ಡೆನ್ಮಾರ್ಕ್ ಮೂಲದ ಡಿಸೈನಿಟ್ ಸಂಸ್ಥೆಯನ್ನು ಖರೀದಿಸಿತು. ಇನ್ಫೊಸಿಸ್ 2017ರಲ್ಲಿ ಲಂಡನ್‌ನ ಬ್ರಿಲಿಯಂಟ್ ಬೇಸಿಕ್ಸ್, 2018ರಲ್ಲಿ ಅಮೆರಿಕದ ವಾಂಗ್‌ಡೂಡಿ ಸಂಸ್ಥೆಗಳನ್ನು ಕೊಂಡಿತು. ವಿಶಾಲ್ ಸಿಕ್ಕಾ ಸಿಇಒ ಆಗಿದ್ದಾಗ ಇನ್ಫೊಸಿಸ್‌ನ ಲಕ್ಷಕ್ಕೂ ಹೆಚ್ಚು ಸಿಬ್ಬಂದಿಗೆ ಡಿಸೈನ್ ಥಿಂಕಿಂಗ್ ತರಬೇತಿ ಕೊಡಲಾಯಿತು.

ಇಂಥ ಕಡೆ ಕೆಲಸ ಮಾಡುವ ಡಿಸೈನ್ ಮ್ಯಾನೇಜರ್ ಪಟ್ಟು ಹಿಡಿಯಬೇಕಾದ್ದು ಒಪ್ಪಂದದ ಹಂತದಲ್ಲೇ. ಪ್ರಸ್ತಾವನೆಯಲ್ಲಿ ಬಳಕೆದಾರರ ಸಂಪರ್ಕಕ್ಕೆ ಇಷ್ಟು ದಿನ, ಪರೀಕ್ಷೆಗೆ ಇಷ್ಟು ಸುತ್ತು ಎಂದು ಪ್ರತ್ಯೇಕ ಸಾಲು ಇರಲಿ. ಬಳಕೆದಾರರನ್ನು ಒದಗಿಸುವ ಹೊಣೆ ಕ್ಲೈಂಟ್‌ನದು ಎಂದು ಬರೆದಿರಲಿ. ಸಹಿಯಾದ ಮೇಲೆ ಕೇಳಿದರೆ ಅದು 'ಹೆಚ್ಚುವರಿ ಕೆಲಸ'.

ಈಗ ಇದು ಕಾನೂನಿನ ವಿಷಯವೂ ಹೌದು

ಡಿಸೈನ್ ತಪ್ಪಿಗೆ ಗ್ರಾಹಕ ಗೊಣಗಿ ಸುಮ್ಮನಾಗುತ್ತಿದ್ದ ಕಾಲ ಮುಗಿದಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್ ತಡೆ ಮಾರ್ಗಸೂಚಿ ಹೊರಡಿಸಿ 13 ಬಗೆಯ ವಂಚಕ ವಿನ್ಯಾಸಗಳನ್ನು ಪಟ್ಟಿ ಮಾಡಿದೆ. "ಇನ್ನು 2 ಸೀಟು ಮಾತ್ರ" ಎಂದು ಸುಳ್ಳು ಅವಸರ ಹುಟ್ಟಿಸುವುದು, ಕೇಳದೆ ಬುಟ್ಟಿಗೆ ವಿಮೆ ಸೇರಿಸುವುದು, ಚಂದಾ ರದ್ದು ಮಾಡುವ ದಾರಿಯನ್ನು ಬಚ್ಚಿಡುವುದು, ಕೊನೆಯ ಹಂತದಲ್ಲಿ ಶುಲ್ಕ ಏರಿಸುವುದು ಎಲ್ಲ ಅದರಲ್ಲಿವೆ. ಮೂರು ತಿಂಗಳೊಳಗೆ ಸ್ವಯಂ ಪರಿಶೀಲನೆ ನಡೆಸಿ ಎಂದು 2025ರ ಜೂನ್‌ನಲ್ಲಿ ಇ-ಕಾಮರ್ಸ್ ವೇದಿಕೆಗಳಿಗೆ ಪ್ರಾಧಿಕಾರ ಸೂಚಿಸಿತು. ನಮ್ಮ ಬಸ್ ಆ್ಯಪ್‌ನ 'ರದ್ದು' ಬಟನ್ ಎಲ್ಲಿರಬೇಕು ಎಂಬುದು ಈಗ ಕೇವಲ ಮಾರ್ಕೆಟಿಂಗ್‌ನವರ ಇಷ್ಟಕ್ಕೆ ಬಿಟ್ಟಿದ್ದಲ್ಲ.

ಇದಕ್ಕಿಂತ ಮನ ಕಲಕುವುದು 2025ರ ಏಪ್ರಿಲ್ 30ರ ಸುಪ್ರೀಂ ಕೋರ್ಟ್ ತೀರ್ಪು. ಬ್ಯಾಂಕ್ ಖಾತೆ, ಸಿಮ್ ಪಡೆಯಲು ಮಾಡುವ ಇ-ಕೆವೈಸಿಯಲ್ಲಿ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಬೇಕು. ಆ್ಯಸಿಡ್ ದಾಳಿಯಲ್ಲಿ ಕಣ್ಣಿಗೆ ಹಾನಿಯಾದವರು ಏನು ಮಾಡಬೇಕು? ದೃಷ್ಟಿ ಇಲ್ಲದವರು ಮುಖವನ್ನು ಚೌಕಟ್ಟಿನೊಳಗೆ ಹೇಗೆ ಹಿಡಿಯಬೇಕು? ಈ ಪ್ರಶ್ನೆಗಳೊಂದಿಗೆ ಬಂದ ಅರ್ಜಿಗಳ ವಿಚಾರಣೆ ನಡೆಸಿದ ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದಿವಾಲಾ ಮತ್ತು ಆರ್. ಮಹದೇವನ್ ಅವರ ಪೀಠ, ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಹೇಳಿ 20 ನಿರ್ದೇಶನ ನೀಡಿತು. ಯಾವುದೋ ಸ್ಪ್ರಿಂಟ್‌ನಲ್ಲಿ, ಯಾವುದೋ ತಂಡ "ಎಲ್ಲರೂ ಕಣ್ಣು ಮಿಟುಕಿಸುತ್ತಾರಲ್ಲ" ಎಂದುಕೊಂಡಿದ್ದರ ಪರಿಣಾಮ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು.

ಮ್ಯಾನೇಜರ್ ಪಾಲಿನ ಪಾಠ ಸ್ಪಷ್ಟ. ಎಲ್ಲರಿಗೂ ಎಟುಕುವಂತೆ ಮಾಡುವ ಕೆಲಸವನ್ನು ಕೊನೆಯ ವಾರಕ್ಕೆ ದೂಡಬಾರದು. ವೆಬ್‌ಗೆ ಸಂಬಂಧಿಸಿದ ಡಬ್ಲ್ಯುಸಿಎಜಿ ಮಾನದಂಡದ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರ ಮತ್ತು ಹಿನ್ನೆಲೆ ನಡುವೆ ಕನಿಷ್ಠ 4.5ಕ್ಕೆ 1ರಷ್ಟು ಕಾಂಟ್ರಾಸ್ಟ್ ಇರಬೇಕು. ಬೆರಳಿನಿಂದ ಒತ್ತುವ ಜಾಗ 44 ಪಾಯಿಂಟ್ ಇರಲಿ ಎನ್ನುತ್ತದೆ ಆಪಲ್, 48 ಡಿಪಿ ಎನ್ನುತ್ತದೆ ಮೆಟೀರಿಯಲ್ ಡಿಸೈನ್. ಇವನ್ನು ಡಿಸೈನ್ ಸಿಸ್ಟಂನಲ್ಲೇ ಸೇರಿಸಿಬಿಟ್ಟರೆ ಪ್ರತಿ ಸಲ ವಾದ ಮಾಡಬೇಕಿಲ್ಲ.

ಕನ್ನಡ ಸ್ಕ್ರೀನ್: ಅನುವಾದ ಮಾಡಿದರೆ ಮುಗಿಯಿತೇ?

ಇಂಗ್ಲಿಷ್‌ನಲ್ಲಿ ಎಲ್ಲ ಮುಗಿಸಿ ಕೊನೆಗೆ ಎಕ್ಸೆಲ್ ಶೀಟ್ ಕೊಟ್ಟು ಕನ್ನಡ ಮಾಡಿಸುವುದು ಸಾಮಾನ್ಯ. ಅಲ್ಲಿಂದ ತೊಂದರೆ ಶುರು. ಒತ್ತಕ್ಷರ ಕೆಳಗೆ, ಗುಣಿತ ಮೇಲೆ ಬರುವುದರಿಂದ ಇಂಗ್ಲಿಷ್‌ಗೆ ಅಳತೆ ಮಾಡಿದ ಬಟನ್‌ನಲ್ಲಿ ಕನ್ನಡದ ಅಕ್ಷರ ಕತ್ತರಿಸಿ ಹೋಗುತ್ತದೆ. ಪದ ಉದ್ದವಾದರೆ ಎರಡನೇ ಸಾಲಿಗೆ ಜಾರುತ್ತದೆ.

ಇನ್ನೂ ದೊಡ್ಡ ತೊಡಕು ವಿಭಕ್ತಿಯದು. ಇಂಗ್ಲಿಷ್‌ನಲ್ಲಿ 'ಫ್ರಮ್' ಎಂಬ ಪದದ ಮುಂದೆ ಯಾವ ಊರಿನ ಹೆಸರು ಬೇಕಾದರೂ ಜೋಡಿಸಬಹುದು. ಕನ್ನಡದಲ್ಲಿ 'ಪುಣೆಯಿಂದ', 'ಮೈಸೂರಿನಿಂದ' ಎಂದು ಹೆಸರಿನ ರೂಪವೇ ಬದಲಾಗುತ್ತದೆ. ಕೋಡ್‌ನಲ್ಲಿ 'ಇಂದ' ಎಂದು ಅಂಟಿಸಿದರೆ 'ಮೈಸೂರು ಇಂದ' ಎಂಬ ವಿಚಿತ್ರ ಕನ್ನಡ ಕಾಣುತ್ತದೆ. ಪರಿಹಾರ ಸುಲಭ: ವಾಕ್ಯ ಕಟ್ಟದೆ 'ಹೊರಡುವ ಊರು: ಮೈಸೂರು' ಎಂದು ತೋರಿಸುವುದು. ಆದರೆ ಈ ತೀರ್ಮಾನವನ್ನು ಮೊದಲ ವೈರ್‌ಫ್ರೇಮ್ ಹಂತದಲ್ಲೇ ತೆಗೆದುಕೊಳ್ಳಬೇಕು. ಡಿಸೈನ್ ಪರಿಶೀಲನೆಯಲ್ಲಿ ಒಂದು ಸ್ಕ್ರೀನನ್ನಾದರೂ ಕನ್ನಡದಲ್ಲಿ ನೋಡುವ ಅಭ್ಯಾಸವಿದ್ದರೆ ಇಂಥದ್ದು ಬೇಗ ಸಿಕ್ಕಿಬೀಳುತ್ತದೆ.

ಪದೇ ಪದೇ ಕೇಳುವ ಪ್ರಶ್ನೆಗಳು

ಈ ವೃತ್ತಿಗೆ ಏನು ಓದಬೇಕು?
1969ರಲ್ಲಿ ಆರಂಭವಾದ ಐಐಟಿ ಬಾಂಬೆಯ ಐಡಿಸಿಯಲ್ಲಿ ಇಂಟರಾಕ್ಷನ್ ಡಿಸೈನ್ ಸ್ನಾತಕೋತ್ತರ ಕೋರ್ಸ್ ಇದೆ. ಐಐಟಿಗಳ ಎಂ.ಡಿಸೈನ್‌ಗೆ ಸೀಡ್, ಬಿ.ಡಿಸೈನ್‌ಗೆ ಯುಸೀಡ್ ಪ್ರವೇಶ ಪರೀಕ್ಷೆ. 1961ರಲ್ಲಿ ಅಹಮದಾಬಾದ್‌ನಲ್ಲಿ ಶುರುವಾದ ಎನ್‌ಐಡಿಗೆ ಬೆಂಗಳೂರಿನಲ್ಲೂ ಕ್ಯಾಂಪಸ್ ಇದೆ. ಅದಕ್ಕೆ ಪ್ರತ್ಯೇಕ ಪರೀಕ್ಷೆ. ಎಂಜಿನಿಯರಿಂಗ್, ಮನಃಶಾಸ್ತ್ರ, ಪತ್ರಿಕೋದ್ಯಮ ಓದಿ ಬಂದವರೂ ಈ ಕ್ಷೇತ್ರದಲ್ಲಿದ್ದಾರೆ.

ಹಿರಿಯ ಡಿಸೈನರ್ ಮ್ಯಾನೇಜರ್ ಆಗಲೇಬೇಕೇ?
ಬೇಕಿಲ್ಲ. ಜನರನ್ನು ನೋಡಿಕೊಳ್ಳುವುದು ಒಂದು ಕೌಶಲ, ವಿನ್ಯಾಸ ಮಾಡುವುದು ಇನ್ನೊಂದು. ಹಲವು ಕಂಪನಿಗಳಲ್ಲಿ ಮ್ಯಾನೇಜರ್ ಆಗದೆಯೇ ಬಡ್ತಿ, ಸಂಬಳ ಏರುವ ಪ್ರತ್ಯೇಕ ಮೆಟ್ಟಿಲುಗಳಿವೆ. ಆ ದಾರಿ ಇಲ್ಲದ ಕಡೆ ಒಳ್ಳೆಯ ಡಿಸೈನರ್‌ನನ್ನು ಕಳೆದುಕೊಂಡು ಸುಮಾರಾದ ಮ್ಯಾನೇಜರ್ ಒಬ್ಬನನ್ನು ಪಡೆಯುವ ಅಪಾಯವಿದೆ.

ಡಿಸೈನರ್ ಮತ್ತು ಡೆವಲಪರ್ ನಡುವೆ ಭಿನ್ನಾಭಿಪ್ರಾಯ ಬಂದರೆ ಕೊನೆಯ ಮಾತು ಯಾರದು?
ಕೆಲಸ ಶುರುವಾಗುವ ಮೊದಲೇ ಇದನ್ನು ಬರೆದಿಟ್ಟುಕೊಳ್ಳಿ. ಏನು ಮಾಡಬೇಕು ಎಂಬುದು ಪ್ರಾಡಕ್ಟ್ ಮ್ಯಾನೇಜರ್, ಬಳಕೆ ಹೇಗಿರಬೇಕು ಎಂಬುದು ಡಿಸೈನರ್, ಹೇಗೆ ಕಟ್ಟಬೇಕು ಎಂಬುದು ಎಂಜಿನಿಯರ್ ಎಂಬುದು ಸಾಮಾನ್ಯ ಹಂಚಿಕೆ. ಆದರೂ ವಾದ ಮುಗಿಯದಿದ್ದರೆ ಎರಡೂ ವಿನ್ಯಾಸಗಳನ್ನು ಐದು ಜನ ಬಳಕೆದಾರರ ಮುಂದಿಡಿ. ಸಾಮಾನ್ಯವಾಗಿ ಮಧ್ಯಾಹ್ನದೊಳಗೆ ಉತ್ತರ ಸಿಕ್ಕಿರುತ್ತದೆ.

ಡಿಸೈನರ್ ಒಬ್ಬರೂ ಇಲ್ಲದ ಸಣ್ಣ ಕಂಪನಿ ಎಲ್ಲಿಂದ ಶುರು ಮಾಡಬೇಕು?
ಕಾಲ್ ಸೆಂಟರ್ ಅಥವಾ ಸಪೋರ್ಟ್ ತಂಡದಿಂದ. ಅವರಿಗೆ ಅತಿ ಹೆಚ್ಚು ಬರುವ ಮೂರು ದೂರುಗಳನ್ನು ಬರೆದುಕೊಳ್ಳಿ. ಆ ಸ್ಕ್ರೀನ್ ಬಳಸುವ ಒಬ್ಬರ ಪಕ್ಕದಲ್ಲಿ ಕೂತು, ಸಹಾಯ ಮಾಡದೆ, ಸುಮ್ಮನೆ ನೋಡಿ. ಹಣ ಹೋಗುವ, ಡೇಟಾ ಅಳಿಯುವ, ವಾಪಸ್ ತರಲಾಗದ ಪ್ರತಿ ಬಟನ್‌ನ ಮುಂದೆ ಏನಾಗಲಿದೆ, ಎಷ್ಟು ಮೊತ್ತ, ಯಾರಿಗೆ ಎಂಬುದು ಸ್ಪಷ್ಟವಾಗಿ ಕಾಣುತ್ತಿದೆಯೇ ಎಂದು ಪರೀಕ್ಷಿಸಿ. ಸಿಟಿಬ್ಯಾಂಕ್ ಸ್ಕ್ರೀನಿನಲ್ಲಿ ಅಂದು ಇಲ್ಲದೇ ಹೋಗಿದ್ದು ಆ ಮೊತ್ತದ ಒಂದು ಸಾಲು.